ಮಾವನ ಸ್ಪೀಕರ್ ಶಾಸ್ತ್ರ

ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಮಾವನಿಗೆ ಕಿವಿ ಬೇಕಾಗಿಲ್ಲ, ಇಂಟರ್‌ನೆಟ್ ಇದ್ದರೆ ಸಾಕು. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಹೇಳಿದ್ದೇನೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸ್ವಲ್ಪ ಯೋಚಿಸಿ, "ಹಂಗಂತ ಯಾರಾರ ತಜ್ಞರು ಹೇಳ್ಯಾರೇನು?" ಎಂದು ಕೇಳಿದರು.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಸಂಡೂರಿನ ಗಣಿಯೊಂದರಲ್ಲಿ ಕಲ್ಲು ಪುಡಿ ಮಾಡುವ ಕ್ರಷರಿನ ಪಕ್ಕ ನಿಂತು ನೌಕರಿ ಮುಗಿಸಿದವರು. ನೌಕರಿ ಮುಗಿದ ಗಂಡಸರು ಗುಡಿಯ ಕಟ್ಟೆ ಹಿಡಿಯುತ್ತಾರೆ, ಇಲ್ಲವೇ ಹೆಂಡತಿಯ ತಪ್ಪು ಹಿಡಿಯುತ್ತಾರೆ. ಮಾವ ಸ್ಪೀಕರ್ ಹಿಡಿದರು. ಪಡಸಾಲೆಯಲ್ಲಿ ದೊಡ್ಡ ಡಬ್ಬಿ, ಸಣ್ಣ ಡಬ್ಬಿ, ಕಾಲಿರುವ ಡಬ್ಬಿ, ಗೋಡೆಗೆ ನೇತುಹಾಕುವ ಡಬ್ಬಿ. ಒಂದನ್ನು ಕೊಟ್ಟು ಇನ್ನೊಂದನ್ನು ತರುತ್ತಾರೆ. ತಂದಿದ್ದು ಹಳೆಯದಾಗುವ ಮೊದಲೇ ಅದನ್ನೂ ಕೊಟ್ಟು ಮತ್ತೊಂದನ್ನು ತರುತ್ತಾರೆ. ಇದರಲ್ಲಿ ಅವರ ಸ್ವಂತ ಅಭಿಪ್ರಾಯದ ಪಾಲು ಏನೇನೂ ಇಲ್ಲ. ಮೊಬೈಲಿನಲ್ಲಿ ಸ್ಪೀಕರುಗಳ ಗುಣದೋಷ ಹೇಳುವ ತಜ್ಞರಿದ್ದಾರಲ್ಲ, ಅವರು ಐದು ಸ್ಟಾರ್ ಕೊಟ್ಟರೆ ಡಬ್ಬಿ ಮನೆಗೆ ಬರುತ್ತದೆ. ಅವರು ಮನಸ್ಸು ಬದಲಿಸಿದರೆ ಡಬ್ಬಿ ಆಟೋ ಹತ್ತುತ್ತದೆ.

ಇಂಥ ಮನುಷ್ಯನ ಕೈಗೆ ನಮ್ಮ ಓಣಿಯ ಹೆಣ್ಣುಮಕ್ಕಳ ಭಜನಾ ಸಂಘದವರು ಅತ್ತೆಯ ದನಿಯನ್ನು ಒಪ್ಪಿಸಿದರು.

ಅತ್ತೆ ಎಂದರೆ ಮಾವನ ಹೆಂಡತಿ. ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ನಡೆಯುವ ಭಜನೆಗೆ ಮುಂದಾಳು ಅವರೇ. ತವರು ಸಂಡೂರು ತಾಲ್ಲೂಕಿನ ಚೋರನೂರು. ಅಲ್ಲಿಯ ಹೊಲಗಳಲ್ಲಿ ಕಳೆ ತೆಗೆಯುತ್ತಾ ಹಾಡಿ ಪಳಗಿದ ದನಿ ಅದು, ಈ ಬದುವಿನಿಂದ ಆ ಬದುವಿಗೆ ಮುಟ್ಟುವಂಥದ್ದು. ಆದರೆ ಗುಡಿಯ ಹಳೆಯ ಮೈಕ್‌ ಸೆಟ್ಟಿನಲ್ಲಿ ಅದೇ ದನಿ ಹಂಡೆಯೊಳಗೆ ಸಿಕ್ಕಿಬಿದ್ದವರ ಮೊರೆಯ ಹಾಗೆ ಕೇಳುತ್ತಿತ್ತು. ದರೋಜಿ ಕರಡಿಧಾಮದ ಕರಡಿ ದಾರಿ ತಪ್ಪಿ ಚಿತ್ತವಾಡ್ಗಿಗೆ ಬಂದಿದೆ ಎಂದು ಓಣಿಯಲ್ಲಿ ಹಾಸ್ಯ ಮಾಡುವವರೂ ಇದ್ದರು. ಒಂದು ದಿನ ಗುಡಿ ಕಮಿಟಿಯ ಹಿರಿಯರು ಭಜನಾ ಸಂಘದವರನ್ನು ಕರೆಸಿ ತೀರ್ಪು ಕೊಟ್ಟರು.

"ಶ್ರಾವಣದೊಳಗ ಹೊಸ ಸೆಟ್ ತಂದ್ರ ಹಾಡ್ರಿ. ಇಲ್ಲಂದ್ರ ಪೆನ್‌ ಡ್ರೈವ್ ಹಚ್ಚಿಬಿಡೂಣು. ನಿಮಗ ಹಾಡೂ ತ್ರಾಸಿಲ್ಲ, ನಮಗ ಕೇಳೂ ತ್ರಾಸಿಲ್ಲ."

ಸಂಘದ ಅಧ್ಯಕ್ಷೆ ಗಂಗಮ್ಮ ಮನೆಮನೆ ತಿರುಗಿ ವಂತಿಗೆ ಎತ್ತಿದರು. ಸೆಟ್ ಆರಿಸುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಅತ್ತೆಯ ಕಡೆ ನೋಡಿದರು. ಮನೆ ತುಂಬ ಸ್ಪೀಕರ್ ಇರುವವನ ಹೆಂಡತಿ ಈ ಮಾತಿಗೆ ಏನು ತಾನೆ ಹೇಳಿಯಾಳು?

ಅತ್ತೆ ಗುಡಿಯಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದು ಹೇಳಿದರು. "ಏನ್ರಿ, ಆ ಪೆನ್‌ ಡ್ರೈವ್ ಬಂತಂದ್ರ ನಾ ಗುಡಿಗೆ ಹೋಗಿ ಏನ್ ಮಾಡ್ಲಿ? ಅದು ಹಾಡಿದ್ದಕ್ಕ ಚಪ್ಪಾಳಿ ತಟ್ಲೇನು?"

"ನಾ ಅದೀನಲ್ಲ," ಎಂದು ಮಾವ ಮೊಬೈಲ್ ತೆಗೆದರು.

ಅತ್ತೆಯ ಚಿಂತೆ ನಿಜವಾಗಿ ಶುರುವಾದದ್ದು ಆಗ.

ಚಿಂತೆಗೆ ಕಾರಣವಿತ್ತು. ತಜ್ಞರ ಮಾತು ಆ ಮನೆಯಲ್ಲಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅವರು ಹೊಸ್ತಿಲಿನ ವಿಷಯದಲ್ಲೇ ನೋಡಿದ್ದರು. ಎರಡು ಸ್ಪೀಕರು, ಒಂದು ತಲೆ, ಈ ಮೂರೂ ಸೇರಿ ಸಮಬಾಹು ತ್ರಿಕೋನವಾಗಬೇಕು ಎಂದು ಒಬ್ಬ ತಜ್ಞರು ಹೇಳಿದ್ದರು. ಮಾವ ದಾರ ಹಿಡಿದು ಅಳೆದರು. ಸ್ಪೀಕರುಗಳನ್ನು ಇಡಬಹುದಾದ ಜಾಗ ಬೀದಿ ಬಾಗಿಲ ಎರಡು ಮಗ್ಗುಲು ಮಾತ್ರ. ಅಲ್ಲಿಟ್ಟರೆ ಕೇಳುವವನ ತಲೆ ಅಡುಗೆಮನೆಯ ಹೊಸ್ತಿಲ ನೆತ್ತಿಗೆ ಬರುತ್ತಿತ್ತು. ಹೊಸ್ತಿಲ ಮೇಲೆ ಕೂರಬಾರದು ಎಂಬುದು ತಜ್ಞರು ಹುಟ್ಟುವ ಮೊದಲೇ ಇದ್ದ ಶಾಸ್ತ್ರ.

"ಏಳ್ರಿ, ಹೊಸ್ತಿಲ ಮ್ಯಾಲ ಕುಂತೀರಲ್ಲ."

"ಒಂಚೂರು ಸರಿದ್ರೂ ತ್ರಿಕೋನ ಕೆಡ್ತತಿ."

"ನೀವು ಸರೀಲಿಲ್ಲಂದ್ರ ಮನಿ ಕೆಡ್ತತಿ."

ಕೊನೆಗೆ ರಾಜಿ ಆಯಿತು. ಹೊಸ್ತಿಲಿನ ಆಚೆ ಈಚೆ ಇಟ್ಟಿಗೆ ಜೋಡಿಸಿ, ಹೊಸ್ತಿಲಿಗೆ ತಾಗದ ಹಾಗೆ ಮೇಲೊಂದು ಹಲಗೆ ಹಾಕಿ ಮಾವ ಅದರ ಮೇಲೆ ಕೂತರು. ಶಾಸ್ತ್ರವೂ ಉಳಿಯಿತು, ತ್ರಿಕೋನವೂ ಉಳಿಯಿತು. ಉಳಿಯದೆ ಹೋದದ್ದು ಅಡುಗೆಮನೆಗೆ ಹೋಗುವ ದಾರಿ. ಅತ್ತೆ ಹಿಂಬಾಗಿಲಿನಿಂದ ಸುತ್ತಿ ಒಳಗೆ ಬಂದು ರೊಟ್ಟಿ ಬಡಿಯತೊಡಗಿದರು. ಆ ಬಡಿಯುವ ಸದ್ದು ಬಲಗಡೆಯ ಸ್ಪೀಕರಿನಿಂದ ಬರುತ್ತಿದೆ ಎಂದು ಮಾವ ಬಹಳ ದಿನ ನಂಬಿದ್ದರು. ಆ ಸ್ಪೀಕರಿನ ಮೇಲೆ ಅವರಿಗೆ ವಿಶೇಷ ಗೌರವವಿತ್ತು.

ಇನ್ನೊಬ್ಬ ತಜ್ಞರು, ಹೊಸ ಸ್ಪೀಕರು ಮೊದಮೊದಲು ಬಿಗಿಯಾಗಿರುತ್ತದೆ, ಬಿಡುವಿಲ್ಲದೆ ನುಡಿಸಿದರೆ ಮಾತ್ರ ದನಿ ಬಿಚ್ಚಿಕೊಳ್ಳುತ್ತದೆ ಎಂದರು. ಮನುಷ್ಯರ ದನಿ ಇರುವ ಹಾಡಾದರೆ ಒಳ್ಳೆಯದು, ಕೋಣೆಯ ಬಾಗಿಲು ಹಾಕಿರಬೇಕು ಎಂದೂ ಸೇರಿಸಿದರು. ಅತ್ತೆ ಚೋರನೂರಿಗೆ ಹೋಗಿದ್ದ ದಿನ ಮಾವ ಬೆಳಿಗ್ಗೆಯೇ ಭಜನೆಯ ಹಾಡುಗಳನ್ನು ಹಚ್ಚಿ, ಬೀದಿ ಬಾಗಿಲು ಮುಚ್ಚಿ, ಹಿತ್ತಲಲ್ಲಿ ಹೋಗಿ ಮಲಗಿದರು.

ತಜ್ಞರು ಯಾವ ದೇಶದವರೋ ಗೊತ್ತಿಲ್ಲ. ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬಿಡುವಿಲ್ಲದೆ ಭಜನೆ ನಡೆಯುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಮಾವನಿಗೆ ತಿಳಿದಿತ್ತು, ಆದರೆ ತಜ್ಞರ ಮಾತಿನ ಮುಂದೆ ಅದು ನೆನಪಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆರೆಹೊರೆಯವರು ಬಾಗಿಲ ಮುಂದೆ ತಲೆಗೆ ಸೆರಗು ಹೊದ್ದು, ಟವೆಲು ಹೆಗಲಿಗೆ ಹಾಕಿ ನಿಂತಿದ್ದರು. ಹೋದವರು ಗಂಡನೋ ಹೆಂಡತಿಯೋ ಎಂಬುದೊಂದೇ ತೀರ್ಮಾನವಾಗಬೇಕಿತ್ತು. ಯಾರೋ ಕಂಪ್ಲಿಗೆ ಫೋನು ಮಾಡಿದರು. ಅಲ್ಲಿರುವ ಮಾವನ ದೊಡ್ಡಪ್ಪನ ಮಗ ಕೈಯಲ್ಲಿ ಹೂವಿನ ಹಾರ ಹಿಡಿದು ಬಸ್ಸಿನಲ್ಲಿ ಬಂದರು. ಬಾಗಿಲು ಬಡಿದರು, ಬಡಿದರು, ಕೊನೆಗೆ ಹಿತ್ತಲಿಗೆ ಸುತ್ತಿ ಹೋಗಿ ನೋಡಿದರೆ ಮಾವ ಮಂಚದ ಮೇಲೆ ಎದ್ದು ಕೂತು ಆಕಳಿಸುತ್ತಿದ್ದಾರೆ.

"ತಮ್ಮಾ, ನೀ ಅದೀಯೇನು? ಹಂಗಾರ ಆಕಿ..."

"ಆಕಿ ಚೋರನೂರಿಗೆ ಹೋಗ್ಯಾಳ."

"ಮತ್ತ ಈ ಭಜನಿ ಯಾರಿಗೋ?"

"ಸ್ಪೀಕರಿಗೆ. ಬಾಯಿ ಬಿಡವಲ್ದು, ಅದಕ್ಕ ಹಚ್ಚೀನಿ. ಕುಂದ್ರು, ಚಾ ಕುಡಿ."

ಕಂಪ್ಲಿಯ ಅಣ್ಣ ಚಹಾ ಕುಡಿದರು, ಮಾವ ಹೋಟೆಲಿನಿಂದ ತರಿಸಿದ ಮಂಡಕ್ಕಿಯ ಉಗ್ಗಾಣಿ ತಿಂದರು, ಮಿರ್ಚಿಯನ್ನು ಎರಡನೇ ಸಲ ಹಾಕಿಸಿಕೊಂಡರು. ಹಾರವನ್ನು ಏನು ಮಾಡುವುದು? ಸತ್ತವರಿಗೆಂದು ತಂದದ್ದನ್ನು ಮನೆಗೆ ವಾಪಸ್ ಒಯ್ಯುವ ಹಾಗಿಲ್ಲ, ಇದ್ದವರ ಕೊರಳಿಗಂತೂ ಹಾಕುವ ಹಾಗೇ ಇಲ್ಲ. ಎಡಗಡೆಯ ಸ್ಪೀಕರಿನ ಮೇಲೆ ಹಾಕಿ ಬಸ್ಸು ಹಿಡಿದರು. ಸಂಜೆ ಊರಿನಿಂದ ಬಂದ ಅತ್ತೆ ಹಾರ ಹಾಕಿಸಿಕೊಂಡು ನಿಂತ ಸ್ಪೀಕರನ್ನು ನೋಡಿ ಚೀಲ ಕೆಳಗಿಟ್ಟರು.

"ಕಡೀಗೂ ಹೋತೇನ್ರಿ? ಯಾವಾಗ ಎತ್ತೂದು?"

ತಜ್ಞರಿಂದ ಮಾವ ಕಲಿತದ್ದು ಇಷ್ಟೇ ಅಲ್ಲ. ಅವರ ನುಡಿಗಟ್ಟನ್ನೂ ಕಲಿತರು. ಸದ್ದಿಗೆ ಬಣ್ಣ ಇರುತ್ತದೆ, ಬಿಸಿ ತಂಪು ಇರುತ್ತದೆ, ಮೈ ಇರುತ್ತದೆ, ಗಾಳಿ ಆಡುತ್ತದೆ. ಇದೆಲ್ಲ ಪಡಸಾಲೆಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಮಾವ ಬೇಳೆ ಸಾರಿನ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಕೆಳಗಿಂದು ಚಲೋ ಐತಿ. ನಡುವಿಂದು ಒಂಚೂರು ಹಿಂದ ಸರಿದೈತಿ. ಮ್ಯಾಲಿಂದು ಹೊಳಪಿಲ್ಲ," ಎಂದರು. ಅತ್ತೆ ಉಪ್ಪಿನ ಡಬ್ಬಿಯನ್ನು ಅವರ ಮುಂದೆ ಇಟ್ಟು ಒಳಗೆ ಹೋದರು.

ಹಂಪಿಗೆ ಹೋದಾಗಲೂ ಇದೇ ಕಥೆ. ದೂರದಿಂದ ನೆಂಟರು ಬಂದರೆ ಹಂಪಿ ತೋರಿಸುವುದು ಹೊಸಪೇಟೆಯವರ ಕರ್ಮ. ಬರುವವರಿಗೆ ಅದು ಮೊದಲ ಸಲ, ನಮಗೆ ಎಷ್ಟನೆಯದೋ ನಮಗೇ ಗೊತ್ತಿರುವುದಿಲ್ಲ. ಅಂಥದ್ದೊಂದು ಸಲ ಮಾವನೂ ಬಂದಿದ್ದರು. ವಿಠ್ಠಲ ಗುಡಿಯ ಮುಂದೆ ಗೈಡ್ ಒಬ್ಬರು, ಈ ಕಂಬಗಳಿಂದ ಸಪ್ತಸ್ವರ ಹೊರಡುತ್ತದೆ, ಈಗ ಮುಟ್ಟುವ ಹಾಗಿಲ್ಲ ಎಂದು ವಿವರಿಸುತ್ತಿದ್ದರು. ನೆಂಟರು ಬಾಯಿ ತೆರೆದು ಕೇಳಿದರು. ಮಾವ ಮೊಬೈಲ್ ತೆರೆದು ನೋಡಿದರು. ಸ್ವಲ್ಪ ಹೊತ್ತು ಓದಿ ನನ್ನನ್ನು ಪಕ್ಕಕ್ಕೆ ಕರೆದರು.

"ಸ್ಟಾರ್ ಏನೋ ಭಾಳ ಕೊಟ್ಟಾರ. ಆದ್ರ ಎಲ್ಲಾರೂ ಬಿಸಿಲಿನ ಬಗ್ಗೆ, ಪಾರ್ಕಿಂಗಿನ ಬಗ್ಗೆ ಬರದಾರ. ಸದ್ದಿನ ಬಗ್ಗೆ ಒಬ್ಬನೂ ಬರದಿಲ್ಲ."

"ಮುಟ್ಟಾಕ ಬಿಡಂಗಿಲ್ಲಲ್ಲ ಮಾವಾ, ಹೆಂಗ ಬರೀತಾರ?"

"ಹಂಗಾರ ಇವು ಚಲೋ ಅದಾವು ಅಂತ ಹೇಳೂದು ಹೆಂಗ?"

ಅಷ್ಟು ಶತಮಾನಗಳ ಹೊಗಳಿಕೆಯನ್ನು ಮಾವ ಹೀಗೆ ಒಂದೇ ಮಾತಿನಲ್ಲಿ ತಡೆಹಿಡಿದರು. ಕಂಬಗಳ ಬಗ್ಗೆ ಅವರ ತೀರ್ಪು ಇನ್ನೂ ಬಾಕಿ ಇದೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ, ಆದರೆ ನಾಲ್ಕು ಜನರ ಮುಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನೂ ಹೇಳಬೇಕು. ಮಾವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಎಡಗಿವಿಯನ್ನು ಕ್ರಷರು ಪೂರ್ತಿ ತಿಂದಿದೆ, ಬಲಗಿವಿಯಲ್ಲಿ ಸ್ವಲ್ಪ ಬಿಟ್ಟಿದೆ. ದಪ್ಪ ಸದ್ದುಗಳು ಕೇಳುತ್ತವೆ. ಲಾರಿ ಕೇಳುತ್ತದೆ, ರೊಟ್ಟಿ ಬಡಿಯುವುದು ಕೇಳುತ್ತದೆ, ಗಂಡಸರ ಮಾತು ಕೇಳುತ್ತದೆ. ಕುಕ್ಕರಿನ ಸೀಟಿ ಕೇಳುವುದಿಲ್ಲ, ಬಳೆಯ ಸದ್ದು ಕೇಳುವುದಿಲ್ಲ. ಹೆಂಗಸರ ಮಾತನ್ನು ತುಟಿ ನೋಡಿ ಅರ್ಧ, ಅಂದಾಜಿನ ಮೇಲೆ ಅರ್ಧ ತಿಳಿಯುತ್ತಾರೆ. ಅತ್ತೆ ಅವರೊಡನೆ ಮಾತಾಡುವಾಗ ಯಾವಾಗಲೂ ಎದುರಿಗೆ ಬಂದು ನಿಲ್ಲುವುದು ಜಗಳಕ್ಕೆ ಎಂದು ಹೊರಗಿನವರು ತಿಳಿಯುತ್ತಾರೆ.

ಒಮ್ಮೆ ನನ್ನ ತಾಯಿ ಅವರನ್ನು ಬಲವಂತದಿಂದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಕಿವಿಗೆ ಮಷೀನು ಹಾಕಿಸಿ ಎಂದರು. ಮಾವ ಒಪ್ಪಿದರು. ನಾವು ಸಂತೋಷಪಟ್ಟೆವು. ಆಮೇಲೆ ಅವರು ಮನೆಗೆ ಬಂದು ಕಿವಿ ಮಷೀನುಗಳ ಬಗ್ಗೆ ತಜ್ಞರು ಏನೆನ್ನುತ್ತಾರೆ ಎಂದು ನೋಡಲು ಕೂತರು. ಬಹಳ ದಿನ ನೋಡಿದರು. ಕೊನೆಗೆ ಅವರು ಬಂದು ನಿಂತ ತೀರ್ಮಾನ ಹೀಗಿತ್ತು: "ಕಿವಿ ಚಲೋ ಇದ್ದೋರಿಗೆ ಮಷೀನು ಹೆಂಗಿರ್ತತಿ ಅಂತ ಗೊತ್ತಾಗಂಗಿಲ್ಲ. ಕಿವಿ ಕೆಟ್ಟೋರ ಮಾತು ನಂಬಾಕ ಬರಂಗಿಲ್ಲ. ಹಿಂಗಾದ್ರ ಯಾರನ್ನ ನಂಬಿ ತಗೊಳ್ಳೂದು?"

ನಾನು ವಿಶ್ವವಿದ್ಯಾಲಯದಲ್ಲಿ ತರ್ಕದ ಒಂದು ಪತ್ರಿಕೆ ಓದಿದ್ದೇನೆ. ಇದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದೆ. ಸಿಗಲಿಲ್ಲ.

ಈಗ ಭಜನೆಯ ಸೆಟ್ಟಿನ ವಿಷಯಕ್ಕೆ ಬರುತ್ತೇನೆ. ಶ್ರಾವಣ ಹತ್ತಿರವಾಗುತ್ತಿತ್ತು, ಮಾವ ಇನ್ನೂ ನೋಡುತ್ತಲೇ ಇದ್ದರು. ತೊಂದರೆ ಏನಾಯಿತೆಂದರೆ, ಜಗತ್ತಿನ ತಜ್ಞರಲ್ಲಿ ಒಬ್ಬರೂ ಕಲ್ಲಿನ ಕಂಬ, ತಗಡಿನ ಮಾಡು, ಮಧ್ಯೆ ಒಂದು ಗಂಟೆ ಇರುವ ಬಸವಣ್ಣನ ಗುಡಿಯಲ್ಲಿ ಸ್ಪೀಕರು ಇಟ್ಟು ನೋಡಿರಲಿಲ್ಲ. ಅವರು ಕೇಳುವುದು ಅವರವರ ಕೋಣೆಯಲ್ಲಿ. ಆ ಕೋಣೆಗಳ ಗೋಡೆಗೆ ಮೆತ್ತೆ, ನೆಲಕ್ಕೆ ಜಮಖಾನೆ. ಇದರ ಮೇಲೆ ಮಾವ ಬಹಳ ನೆಚ್ಚಿಕೊಂಡಿದ್ದ ಇಬ್ಬರು ತಜ್ಞರು ಒಂದೇ ಸೆಟ್ಟಿನ ಬಗ್ಗೆ ಬೇರೆ ಬೇರೆ ಹೇಳಿದರು. ಒಬ್ಬರ ಪ್ರಕಾರ ಅದರ ದನಿ ಕನ್ನಡಿಯಷ್ಟು ನಿಚ್ಚಳ. ಇನ್ನೊಬ್ಬರ ಪ್ರಕಾರ ಅದು ಕಿವಿಗೆ ಚುಚ್ಚುತ್ತದೆ. ಮಾವನಿಗೆ ಊಟ ಸೇರದಾಯಿತು. ತಂದೆ ತಾಯಿ ಬೇರೆಯಾದ ಮನೆಯ ಮಗುವಿನ ಹಾಗೆ ಒಮ್ಮೆ ಇವರ ವೀಡಿಯೋ ಒಮ್ಮೆ ಅವರ ವೀಡಿಯೋ ನೋಡುತ್ತಾ ಕೂತರು.

ಒಂದು ಸಂಜೆ ನಾನು ಹೋದಾಗ ನನ್ನನ್ನು ಹಲಗೆಯ ಪಕ್ಕ ಕೂರಿಸಿಕೊಂಡು ಕೇಳಿದರು.

"ಯವ್ವಾ, ನೀ ಓದಿದಾಕಿ. ಇಬ್ಬರೊಳಗ ಯಾರು ಖರೆ ಹೇಳಾಕತ್ಯಾರ?"

"ಇಬ್ಬರದೂ ಅವರವರ ಕಿವಿ ಮಾವಾ. ನೀವ ಅಂಗಡಿಗೆ ಹೋಗಿ ಕೇಳ್ರಿ. ನಿಮಗ ಹೆಂಗ ಅನಸ್ತತಿ?"

ಮಾವ ನನ್ನನ್ನು ನೋಡಿದರು. ಕೇಳಬಾರದ್ದನ್ನು ಕೇಳಿದೆ ಎಂದು ನನಗೆ ಆಗಲೇ ಗೊತ್ತಾಯಿತು.

"ನನಗ ಅನಸೂದು ಬಿಡು," ಎಂದರು. ಮೊಬೈಲನ್ನು ಮಗುಚಿಟ್ಟು, "ನನ್ನ ಕಿವಿ ನಂಬಿ ಒಂದು ತರಬೌದು. ಅದು ಸರಿ ಆಗಲಿಲ್ಲಂದ್ರ ಹೋಗೂದು ನನ್ನ ಮಾನ ಅಲ್ಲ, ಆಕಿ ದನಿ. ನನ್ನ ಸಲುವಾಗಿ ಆಕಿ ಪೆನ್‌ ಡ್ರೈವಿಗೆ ಚಪ್ಪಾಳಿ ತಟ್ಟಬೇಕೇನು?" ಎಂದರು.

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹವ್ಯಾಸಿಗಳಿಗೆ ತಜ್ಞರು ಯಾಕೆ ಬೇಕು ಎಂದು ನಾನು ಅಲ್ಲಿಯವರೆಗೆ ನಗುತ್ತಿದ್ದೆ. ಬಾಯಿಗೆ ರುಚಿಯಾದದ್ದನ್ನು ತಿನ್ನುವ, ಕಣ್ಣಿಗೆ ಚಂದ ಕಂಡದ್ದನ್ನು ಉಡುವ ಮನುಷ್ಯ ಕಿವಿಗೆ ಹಿತವಾದದ್ದನ್ನು ಕೇಳಲು ಯಾರ ಅಪ್ಪಣೆ ಕಾಯಬೇಕು? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದನ್ನು ಕೇಳುವವರು ಸಾಮಾನ್ಯವಾಗಿ ಕಿವಿ ಚೆನ್ನಾಗಿರುವವರು.

ಕೊನೆಗೆ ದಾರಿ ತೋರಿಸಿದವರು ಅಂಗಡಿಯವರು. ಹೊಸಪೇಟೆಯ ಪೇಟೆಯಲ್ಲಿ ಮೈಕ್‌ ಸೆಟ್ ಮಾರುವ ಅವರು ಮಾವನ ಪ್ರಶ್ನೆಗಳಿಂದ ಸೋತುಹೋಗಿದ್ದರು. "ಸಾಹೇಬ್ರ, ಎರಡು ಸೆಟ್ ಒಯ್ರಿ. ಗುಡಿಯೊಳಗ ಇಟ್ಟು ಹಾಡಸ್ರಿ. ಬ್ಯಾಡಾದದ್ದನ್ನ ನಾಳಿ ತಂದು ಕೊಡ್ರಿ. ಇನ್ನ ಬರೇ ಮಾತು ಬ್ಯಾಡ," ಎಂದು ಎರಡನ್ನೂ ಆಟೋಕ್ಕೆ ಏರಿಸಿಬಿಟ್ಟರು. ಮೊದಲನೆಯದು ಆ ಇಬ್ಬರು ತಜ್ಞರು ಕಿತ್ತಾಡಿದ ಸೆಟ್. ಕಿತ್ತಾಡಿದರೂ ಇಬ್ಬರೂ ಅದಕ್ಕೆ ಸ್ಟಾರುಗಳನ್ನು ಧಾರಾಳವಾಗಿಯೇ ಕೊಟ್ಟಿದ್ದರು. ಎರಡನೆಯದು ಬಳ್ಳಾರಿಯಲ್ಲಿ ಯಾರೋ ಜೋಡಿಸಿದ್ದು. ಅದಕ್ಕೆ ಹೆಸರಿರಲಿಲ್ಲ, ಆದ್ದರಿಂದ ಸ್ಟಾರೂ ಇರಲಿಲ್ಲ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮನಿತನ ಗೊತ್ತಿಲ್ಲದ್ದು," ಎಂದು ಗುಡಿಯ ಮೂಲೆಯಲ್ಲಿಟ್ಟರು.

ಶ್ರಾವಣಕ್ಕೆ ಮುಂಚಿನ ಕೊನೆಯ ಸೋಮವಾರ. ಸಂಘದ ಹೆಂಗಸರೆಲ್ಲ ಬಂದಿದ್ದರು. ಕಮಿಟಿಯ ಹಿರಿಯರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಅವರ ಅಂಗಿಯ ಜೇಬಿನಲ್ಲಿ ಪೆನ್‌ ಡ್ರೈವ್ ಇತ್ತು ಎಂದು ಗಂಗಮ್ಮ ಆಮೇಲೆ ಹೇಳಿದರು, ನಾನು ನೋಡಲಿಲ್ಲ. ವಯರು ಬದಲಾಯಿಸುವ ಕೆಲಸ ನನ್ನದು. ಮಾವ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಬೆನ್ನು ಕೊಟ್ಟು, ಬಲಗಿವಿ ಮುಂದೆ ಮಾಡಿ ಕೂತರು.

ಅತ್ತೆ ತಮ್ಮ ತವರಿನ ಒಂದು ಹಾಡು ತೆಗೆದರು. ಮೂರು ನುಡಿಯ, ಎಂದರೆ ಮೂರು ಚರಣದ ಹಾಡು. ಮೊದಲೆರಡು ನುಡಿ ಮಾತಾಡಿದ ಹಾಗೆ ತಗ್ಗಿನಲ್ಲಿ ಸಾಗಿ, ಮೂರನೆಯದರಲ್ಲಿ ದನಿ ಒಮ್ಮೆಗೇ ಮೇಲಕ್ಕೆ ಏರುತ್ತದೆ. ಮೊದಲ ಸೆಟ್ಟಿನಲ್ಲಿ ಅದು ಗಾಜಿನ ಹಾಗೆ ಬಂತು. ತಾಳದ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳಿಸಿತು. ಹಾಡು ಮುಗಿದಾಗ ಹಿರಿಯರು ಕೂಡ ತಲೆಯಾಡಿಸಿದರು. ನಾನು ವಯರು ಬದಲಾಯಿಸಿದೆ. ಅತ್ತೆ ಅದೇ ಹಾಡನ್ನು ಇನ್ನೊಮ್ಮೆ ಹಾಡಿದರು. ಎರಡನೆಯ ಸೆಟ್ಟಿನಲ್ಲಿ ದನಿಯ ಮೇಲೆ ಕಂಬಳಿ ಹೊದಿಸಿದ ಹಾಗಿತ್ತು. ಕೆಟ್ಟದಾಗಿರಲಿಲ್ಲ. ದುಂಡಗಿತ್ತು, ದಪ್ಪವಾಗಿತ್ತು. ಆದರೆ ಎರಡರಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಯೋಚಿಸುವ ಅಗತ್ಯವೇ ಇರಲಿಲ್ಲ. ತಜ್ಞರು ಸರಿಯಾಗಿಯೇ ಹೇಳಿದ್ದರು.

"ಮೊದಲನೇದ, ಅದರಾಗ ಎರಡು ಮಾತಿಲ್ಲ," ಎಂದರು ಗಂಗಮ್ಮ. ಉಳಿದವರೂ ಹೌದೆಂದರು.

"ಎರಡನೇದು," ಎಂದರು ಮಾವ.

ಎಲ್ಲರೂ ಹಿಂದೆ ತಿರುಗಿದರು.

"ಯಾರು ಹೇಳ್ಯಾರ್ರಿ ಅಣ್ಣಾರ?" ಗಂಗಮ್ಮ ನಗುತ್ತಲೇ ಕೇಳಿದರು.

"ಯಾರೂ ಹೇಳಿಲ್ಲ. ನಾ ಹೇಳಾಕತ್ತೀನಿ."

ಮಾವನ ಬಾಯಿಂದ ಈ ಮಾತನ್ನು ನಾನು ಮೊದಲು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಅಲ್ರಿ, ನಾವೆಲ್ಲಾ ಒಂದು ಹೇಳಿದ್ರ ನೀವು ಒಂದು ಹೇಳ್ತೀರಿ," ಎಂದರು ಗಂಗಮ್ಮ. ಅವರಿಗೆ ನಗು ಕಡಿಮೆಯಾಗಿತ್ತು. "ಕಮಿಟಿಯೋರಿಗೂ ಮೊದಲನೇದ ಮನಸಿಗೆ ಬಂದೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮಗ ಕಿವೀನ ಸರಿ ಕೇಳಂಗಿಲ್ಲಲ್ಲ."

ನಮ್ಮ ಮನೆಯವರು ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಗಂಗಮ್ಮ ಮೈಕಿನ ಹತ್ತಿರವೇ ನಿಂತು ಆಡಿಬಿಟ್ಟರು. ಮೈಕು ಚಾಲೂ ಇತ್ತು. ಎರಡನೆಯ ಸೆಟ್ಟಿನಲ್ಲಿ ಅದು ದುಂಡಗೆ, ದಪ್ಪಗೆ, ಬೀದಿಯವರೆಗೂ ಕೇಳಿಸಿತು.

ಮಾವನಿಗೂ ಕೇಳಿಸಿತು. ಅವರು ಎದ್ದು ಮುಂದೆ ಬಂದರು.

"ಖರೆ ಐತಿ, ಕೇಳಂಗಿಲ್ಲ," ಎಂದರು. "ಮೊದಲನೇದ್ರಾಗ ಯಾರೋ ಚಲೋ ಹಾಡಿದ್ರು. ಎರಡನೇದ್ರಾಗ ಈಕಿ ಹಾಡಿದ್ಲು. ನನಗ ಅಷ್ಟ ಗೊತ್ತಾತು. ಮುಂದ ನಿಮ್ಮಿಷ್ಟ."

ವಯರು ಹಿಡಿದು ನಿಂತಿದ್ದ ನಾನು ಇದಕ್ಕೆ ಕಾರಣ ಲೆಕ್ಕ ಹಾಕಿದೆ, ಅದು ಕಷ್ಟವೇನಲ್ಲ. ಮೊದಲ ಸೆಟ್ಟು ಎತ್ತಿ ತೋರಿಸುವ ಸ್ವರಗಳೆಲ್ಲ ಮಾವನ ಕಿವಿ ಕಳೆದುಕೊಂಡ ಸ್ವರಗಳು. ಎರಡನೆಯದು ದಪ್ಪಗೆ ಮಾಡಿ ಕೊಟ್ಟದ್ದು ಆ ಕಿವಿಯಲ್ಲಿ ಇನ್ನೂ ಉಳಿದಿರುವ ಜಾಗಕ್ಕೆ ಸರಿಯಾಗಿ ಬಿದ್ದಿತ್ತು. ಅಂದರೆ ಅದು ಒಳ್ಳೆಯ ಸೆಟ್ ಅಲ್ಲ, ಒಬ್ಬನೇ ಮನುಷ್ಯನಿಗೆ ಒಳ್ಳೆಯ ಸೆಟ್. ಊರಿನ ವಂತಿಗೆ ಎತ್ತಿ ತರುವ ವಸ್ತುವನ್ನು ಹಾಗೆ ಆರಿಸಬಹುದೇ? ಆರಿಸಬಾರದು ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ಅತ್ತೆ ಮೈಕಿನ ಮುಂದಿನಿಂದ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಎರಡನೇದ ಇರ್ಲಿ ಗಂಗಕ್ಕ," ಎಂದರು.

"ಹುಚ್ಚಿ ಏನ್, ಅದರಾಗ ನಿನ್ನ ದನಿ ಅರ್ಧ ಮುಚ್ಚಿ ಹೋತು."

"ಹಾಡಾಕಿ ನಾನು. ಮುಚ್ಚಿದ್ರ ಮುಚ್ಚಲಿ, ಇನ್ನೊಂಚೂರು ಏರಿಸಿ ಹಾಡ್ತೀನಿ."

ಗಂಗಮ್ಮ ಹಿರಿಯರ ಮುಖ ನೋಡಿದರು. ಹಿರಿಯರು ಎದ್ದು ಚಪ್ಪಲಿ ಮೆಟ್ಟುತ್ತಾ, "ಹಂಡ್ಯಾಗಿನ ಸದ್ದು ಹೋತಲ್ಲ, ನಮಗಷ್ಟ ಸಾಕು. ಹಾಡ್ರಿ," ಎಂದು ಹೊರಟರು. ಶ್ರಾವಣ ಉಳಿಯಿತು.

ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ನಾನು ಮೊದಲ ಸೆಟ್ಟನ್ನು ಅಂಗಡಿಗೆ ವಾಪಸ್ ಒಯ್ಯಲು ಡಬ್ಬಿಯಲ್ಲಿಡುತ್ತಿದ್ದೆ. ಅತ್ತೆ ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಮಾವ ವಯರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಅತ್ತೆಯ ಎದುರಿಗೆ ಬಂದು ನಿಂತರು.

"ಆ ಕಡೀ ನುಡಿ ಐತಲ್ಲ, ದನಿ ಏರಿಸಿ ಹಾಡಿದಿ," ಎಂದರು. "ಭಾಳ ಚಲೋ ಐತಿ. ಹೊಸದಾಗಿ ಸೇರಿಸೀಯೇನು?"

ಅತ್ತೆ ಬಟ್ಟೆಯ ಗಂಟು ಹಾಕುವುದನ್ನು ನಿಲ್ಲಿಸಿದರು. ಆಮೇಲೆ ಮುಖವೆತ್ತಿ, ಅವರಿಗೆ ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದರು.

"ಹೂನ್ರಿ. ಈ ಸಲ ಕಲ್ತೀನಿ."

ಆ ನುಡಿಯನ್ನು ಬಿಟ್ಟು ಅತ್ತೆ ಆ ಹಾಡನ್ನು ಮುಗಿಸಿದ್ದನ್ನು ನಾನು ಚಿಕ್ಕವಳಾಗಿದ್ದಾಗಿನಿಂದ ಒಮ್ಮೆಯೂ ಕೇಳಿಲ್ಲ.